ಪಿಕಪ್ ಕೊಳ್ಳುವ ಮೊದಲು ಕಿಲೋಮೀಟರ್ ಲೆಕ್ಕ ಹಾಕಿ

ಮಾನ್ಯ ಸಂಪಾದಕರಿಗೆ ನಮಸ್ಕಾರ.

ನಿಮ್ಮ ಪತ್ರಿಕೆ ಕೈಗೆ ಬಂದ ತಕ್ಷಣ ನಾನು ನೋಡುವುದು ಪೆಟ್ರೋಲ್, ಡೀಸೆಲ್ ದರದ ಪುಟ್ಟ ಚೌಕವನ್ನು. ಚಿನ್ನದ ದರ ಆಮೇಲೆ. ನಮ್ಮ ಮನೆ ನಡೆಯುವುದು ಎರಡು ಗೂಡ್ಸ್ ಗಾಡಿಗಳ ಬಾಡಿಗೆಯಿಂದ. ಒಂದು ಡೀಸೆಲ್ ಪಿಕಪ್, ಇನ್ನೊಂದು ಪೆಟ್ರೋಲ್ ಮಿನಿ ಟ್ರಕ್. ಒಂದನ್ನು ನಮ್ಮ ಯಜಮಾನರು ಓಡಿಸುತ್ತಾರೆ, ಇನ್ನೊಂದಕ್ಕೆ ಡ್ರೈವರ್ ಇದ್ದಾನೆ. ಲೆಕ್ಕದ ಪುಸ್ತಕ ನನ್ನದು. 2009ರಲ್ಲಿ ಸೆಕೆಂಡ್ ಹ್ಯಾಂಡ್ ಟಾಟಾ ಏಸ್ ಮನೆಗೆ ತಂದ ದಿನದಿಂದ ಬರೆಯುತ್ತಾ ಬಂದಿದ್ದೇನೆ. ಈಗ ಹತ್ತನೇ ಪುಸ್ತಕ ನಡೆಯುತ್ತಿದೆ.

ಈ ಪತ್ರ ಬರೆಯಲು ಕಾರಣ ನನ್ನ ಮೈದುನನ ಮಗ. ಹುಡುಗನಿಗೆ 24 ವರ್ಷ. ಮದ್ದೂರಿನಲ್ಲಿ ಹಾರ್ಡ್‌ವೇರ್ ಅಂಗಡಿಗಳಿಗೆ, ಸಿಮೆಂಟ್ ಅಂಗಡಿಗಳಿಗೆ ಲೋಡು ಹೊಡೆಯಬೇಕು ಅಂತ ಸ್ವಂತ ಗಾಡಿ ತೆಗೆದುಕೊಳ್ಳಲು ಹೊರಟಿದ್ದಾನೆ. ಶೋರೂಮಿಗೆ ಹೋಗಿ ಬಂದವನು ಡೀಸೆಲ್ ಗಾಡಿಯ ಕೊಟೇಷನ್ ಹಿಡಿದುಕೊಂಡು ನೇರ ನಮ್ಮ ಮನೆಗೆ ಬಂದ. ಪೆಟ್ರೋಲ್ ಗಾಡಿ ಕೇಳಲಿಲ್ವಾ ಅಂದೆ. "ಪೆಟ್ರೋಲ್ ಗಾಡಿ ಯಾರ್ ತಗೋತಾರೆ ದೊಡ್ಡವ್ವ, ಪಿಕಪ್ಪು ಅಂದ್ರೆ ಡೀಸೆಲ್ಲೇ" ಅಂದ. ಅವನ ಅಪ್ಪನೂ ಅದನ್ನೇ ಹೇಳಿದ. ಶೋರೂಮಿನವರೂ ಅದನ್ನೇ ಹೇಳಿದ್ದರು. ಅವತ್ತು ರಾತ್ರಿ ಊಟ ಆದ ಮೇಲೆ ನನ್ನ ಹಳೆಯ ಪುಸ್ತಕಗಳನ್ನು ತೆಗೆದು ಅವನ ಮುಂದೆ ಇಟ್ಟೆ. ಅದರಲ್ಲಿ ಏನಿತ್ತೋ ಅದನ್ನೇ ಇಲ್ಲಿ ಬರೆಯುತ್ತಿದ್ದೇನೆ. ನಮ್ಮ ಜಿಲ್ಲೆಯಲ್ಲಿ ಸಾಲ ಮಾಡಿ ಮೊದಲ ಗಾಡಿ ತೆಗೆಯುವ ಹುಡುಗರು ನೂರಾರು ಜನ ಇದ್ದಾರೆ. ಅವರಲ್ಲಿ ಹತ್ತು ಜನ ಓದಿದರೂ ಸಾಕು.

ಮೊದಲು "ಡೀಸೆಲ್ಲೇ" ಅನ್ನುವ ಮಾತು ಎಲ್ಲಿಂದ ಬಂತು ಅಂತ ಹೇಳಬೇಕು. ಅದು ಸುಮ್ನೆ ಬಂದ ಮಾತಲ್ಲ. ನಮ್ಮ ಕಾಲಕ್ಕೆ ಅದು ನಿಜವೇ ಆಗಿತ್ತು. ಟಾಟಾ ಏಸ್ 2005ರಲ್ಲಿ ಬಂದಾಗ ಅದರಲ್ಲಿ ಇದ್ದದ್ದು 702 ಸಿಸಿಯ ಎರಡು ಸಿಲಿಂಡರ್ ಡೀಸೆಲ್ ಇಂಜಿನ್. ಆಗ ಪೆಟ್ರೋಲ್ ಬೇಕೋ ಡೀಸೆಲ್ ಬೇಕೋ ಅಂತ ಯಾರೂ ಕೇಳುತ್ತಿರಲಿಲ್ಲ. ಡೀಸೆಲ್ ದರವನ್ನು ಸರ್ಕಾರವೇ ಹಿಡಿದಿಟ್ಟಿತ್ತು. ಪೆಟ್ರೋಲ್ ದರವನ್ನು 2010ರ ಜೂನ್‌ನಲ್ಲಿ ಕಂಪನಿಗಳಿಗೆ ಬಿಟ್ಟರು. ಡೀಸೆಲನ್ನು ಬಿಟ್ಟದ್ದು 2014ರ ಅಕ್ಟೋಬರ್‌ನಲ್ಲಿ. ನಡುವೆ ಇದ್ದ ನಾಲ್ಕು ವರ್ಷ ಎರಡರ ನಡುವೆ ಭಾರಿ ಅಂತರ. 2012ರ ಮೇ ತಿಂಗಳಲ್ಲಿ ದೆಹಲಿಯಲ್ಲಿ ಪೆಟ್ರೋಲ್ 73 ರೂಪಾಯಿ ದಾಟಿದಾಗ ಡೀಸೆಲ್ 41 ರೂಪಾಯಿಯೂ ಇರಲಿಲ್ಲ. ಲೀಟರಿಗೆ 32 ರೂಪಾಯಿ ಅಂತರ! ಅಂಥ ಕಾಲದಲ್ಲಿ ಡೀಸೆಲ್ ಗಾಡಿ ತೆಗೆದುಕೊಂಡವರು ಬುದ್ಧಿವಂತರೇ.

ಆ ಅಂತರ ಈಗ ಇಲ್ಲ. 2021ರ ಅಕ್ಟೋಬರ್‌ನಲ್ಲಿ ನಮ್ಮ ರಾಜ್ಯದಲ್ಲೇ ಡೀಸೆಲ್ ನೂರು ದಾಟಿತು. ಆ ತಿಂಗಳ ಪುಟದಲ್ಲಿ ಪ್ರತಿ ಅಂಕಿಯ ಪಕ್ಕ ನಾನು ಕೆಂಪು ಗೆರೆ ಎಳೆದಿದ್ದೇನೆ. ದೀಪಾವಳಿಗೆ ಕೇಂದ್ರ ಸರ್ಕಾರ ಡೀಸೆಲ್ ಮೇಲೆ 10 ರೂಪಾಯಿ, ಪೆಟ್ರೋಲ್ ಮೇಲೆ 5 ರೂಪಾಯಿ ಇಳಿಸಿತು. ರಾಜ್ಯ ಸರ್ಕಾರ ಎರಡರ ಮೇಲೂ 7 ರೂಪಾಯಿ ಇಳಿಸಿತು. ಉಸಿರು ಬಿಟ್ಟೆವು. ಆಮೇಲೆ 2024ರ ಜೂನ್‌ನಲ್ಲಿ ರಾಜ್ಯದ ಮಾರಾಟ ತೆರಿಗೆ ಏರಿತು. 2025ರ ಏಪ್ರಿಲ್ 1ರಿಂದ ಡೀಸೆಲ್ ಮೇಲೆ ಮಾತ್ರ ಮತ್ತೆ ಏರಿ ಶೇ 21.17 ಆಯಿತು, ಲೀಟರಿಗೆ ಎರಡು ರೂಪಾಯಿ ಜಾಸ್ತಿ. ಆಗ ಬೆಂಗಳೂರಿನಲ್ಲಿ ಡೀಸೆಲ್ 91 ರೂಪಾಯಿ ಆಯಿತು, ಪೆಟ್ರೋಲ್ 103ರ ಹತ್ತಿರ ಇತ್ತು. ಅಂತರ ಬರೀ 12 ರೂಪಾಯಿ.

ನನ್ನ ಲೆಕ್ಕಕ್ಕೆ ಈ ಎರಡು ದರಗಳನ್ನೇ ಹಿಡಿದಿದ್ದೇನೆ. ಪೆಟ್ರೋಲ್ 103, ಡೀಸೆಲ್ 91. ನೀವು ಓದುವ ದಿನ ನಿಮ್ಮ ಬಂಕಿನಲ್ಲಿ ಏನಿದೆಯೋ ಅದನ್ನು ಹಾಕಿಕೊಳ್ಳಿ. ಲೆಕ್ಕ ಮಾಡುವ ರೀತಿ ಅದೇ.

2021ರ ಜನವರಿಯಲ್ಲಿ ನಾವು ಒಂದು ಸಣ್ಣ ಡೀಸೆಲ್ ಗಾಡಿ ತೆಗೆದುಕೊಂಡೆವು. ಬಿಎಸ್6 ಗಾಡಿ, ಅಂದರೆ ಹೊಗೆಯ ಹೊಸ ನಿಯಮಕ್ಕೆ ತಕ್ಕ ಹಾಗೆ ಮಾಡಿದ್ದು. ಕಂಪನಿಯ ಹೆಸರು ಬರೆಯುವುದಿಲ್ಲ, ಯಾಕೆಂದರೆ ತಪ್ಪು ಗಾಡಿಯದ್ದಲ್ಲ, ನಾವು ಅದಕ್ಕೆ ಕೊಟ್ಟ ಕೆಲಸದ್ದು. ಮಂಡ್ಯ ಪೇಟೆಯಲ್ಲಿ ಕ್ಯಾನ್ ನೀರು ಹಾಕುವ ಕೆಲಸ. 20 ಲೀಟರಿನ ಕ್ಯಾನು, ಒಂದು ಸಲಕ್ಕೆ 30ರಿಂದ 35. ಒಂದು ಬೀದಿಯಲ್ಲಿ ನಾಲ್ಕು ಕಡೆ ನಿಲ್ಲಬೇಕು. ಸ್ಟಾರ್ಟ್ ಮಾಡು, ನೂರು ಅಡಿ ಹೋಗು, ಆಫ್ ಮಾಡು. ದಿನಕ್ಕೆ 45 ಕಿಲೋಮೀಟರ್ ಮೇಲೆ ಓಡುತ್ತಿರಲಿಲ್ಲ. ತಿಂಗಳಿಗೆ 25 ದಿನ.

ಎಂಟು ತಿಂಗಳು ಚೆನ್ನಾಗಿ ಓಡಿತು. ಲೀಟರಿಗೆ 19 ಕಿಲೋಮೀಟರ್ ಕೊಡುತ್ತಿತ್ತು. ನನಗೂ ಖುಷಿ. ಒಂದು ದಿನ ಡ್ಯಾಶ್‌ಬೋರ್ಡಿನಲ್ಲಿ ಹಳದಿ ದೀಪ ಹತ್ತಿತು. ಯಜಮಾನರು ಅದೇನೋ ಸೆನ್ಸರ್ ಇರಬೇಕು, ಸರ್ವಿಸಿಗೆ ಬಿಟ್ಟಾಗ ನೋಡೋಣ ಅಂದರು. ಗಾಡಿಯ ಜೊತೆ ಕೊಟ್ಟ ಪುಸ್ತಕ ಇಂಗ್ಲಿಷಿನಲ್ಲಿತ್ತು. ಅವರು ಓದಿರುವುದು ಏಳನೇ ಕ್ಲಾಸು, ಕನ್ನಡ ಶಾಲೆ. ನಾನು ಪಿಯುಸಿ. ನಾನಾದರೂ ತೆಗೆದು ನೋಡಬೇಕಿತ್ತು, ನೋಡಲಿಲ್ಲ. ಹತ್ತು ಹನ್ನೆರಡು ದಿನ ಆದ ಮೇಲೆ ಗಾಡಿ ಎಳೆಯುವುದನ್ನೇ ನಿಲ್ಲಿಸಿತು. ಆಕ್ಸಿಲರೇಟರ್ ಎಷ್ಟು ಒತ್ತಿದರೂ ಸೈಕಲ್ ಸ್ಪೀಡು. ಲೋಡನ್ನು ಬೇರೆ ಗಾಡಿಗೆ ಹಾಕಿ, ಇದನ್ನು ಕಟ್ಟಿಕೊಂಡು ಸರ್ವಿಸ್ ಸ್ಟೇಷನ್‌ಗೆ ಒಯ್ದರು. ನಾಲ್ಕು ದಿನ ಅಲ್ಲೇ ನಿಂತಿತು. ಬಿಲ್ಲು 23,400 ರೂಪಾಯಿ. ನಾಲ್ಕು ದಿನದ ಬಾಡಿಗೆ, ದಿನಕ್ಕೆ 1,800ರಂತೆ 7,200 ಹೋಯಿತು. ಒಟ್ಟು 30,600. ಆ ತಿಂಗಳ ಕಂತನ್ನು ನನ್ನ ತಂಗಿಯ ಹತ್ತಿರ ಕೈಗಡ ತೆಗೆದುಕೊಂಡು ಕಟ್ಟಿದೆ.

ಆಗಿದ್ದು ಇಷ್ಟು. 2020ರ ಏಪ್ರಿಲ್ 1ರಿಂದ ಬಿಎಸ್6 ಬಂತಲ್ಲ, ಆಮೇಲೆ ಬಂದ ಡೀಸೆಲ್ ಗಾಡಿಗಳ ಸೈಲೆನ್ಸರ್ ಸಾಲಿನಲ್ಲಿ ಡಿಪಿಎಫ್ ಅಂತ ಒಂದು ಡಬ್ಬ ಇರುತ್ತದೆ. ಒಳಗೆ ಜೇನುಗೂಡಿನ ಥರದ ಸಣ್ಣ ಸಣ್ಣ ತೂತಿನ ಜಾಲರಿ. ಹೊಗೆಯಲ್ಲಿರುವ ಮಸಿಯನ್ನು ಅದು ಹಿಡಿದಿಡುತ್ತದೆ. ಮಸಿ ತುಂಬಿದ ಮೇಲೆ ಅದನ್ನು ಅಲ್ಲೇ ಸುಡಬೇಕು. ಸುಡಬೇಕಾದರೆ ಹೊಗೆಯ ಬಿಸಿ 550ರಿಂದ 600 ಡಿಗ್ರಿ ಸೆಲ್ಸಿಯಸ್ ಆಗಬೇಕು. ಹೈವೇಯಲ್ಲಿ ಒಂದೇ ಸಮ ಓಡಿದರೆ ಆ ಬಿಸಿ ಬರಲು ಅವಕಾಶ ಸಿಗುತ್ತದೆ. ಬೀದಿ ಬೀದಿ ನಿಂತು ಹೋಗುವ ಗಾಡಿಗೆ ಬರುವುದಿಲ್ಲ. ಮಸಿ ತುಂಬುತ್ತಾ ಹೋಗುತ್ತದೆ, ದೀಪ ಹತ್ತುತ್ತದೆ, ಆಗಲೂ ಬಿಟ್ಟರೆ ಇಂಜಿನ್ ತನ್ನನ್ನು ಕಾಪಾಡಿಕೊಳ್ಳಲು ಶಕ್ತಿ ಕಡಿಮೆ ಮಾಡಿಕೊಳ್ಳುತ್ತದೆ.

ಇದನ್ನು ನನಗೆ ಬಿಡಿಸಿ ಹೇಳಿದ್ದು ಸರ್ವಿಸ್ ಸ್ಟೇಷನ್‌ನ ಒಬ್ಬ ವಯಸ್ಸಾದ ಮೆಕ್ಯಾನಿಕ್. "ಅಮ್ಮಾ, ವಾರಕ್ಕೊಂದು ಸಲ ಹೈವೇಗೆ ಹಾಕಿ, ಇಪ್ಪತ್ತು ಇಪ್ಪತ್ತೈದು ನಿಮಿಷ ಒಂದೇ ಸ್ಪೀಡಲ್ಲಿ ಓಡಿಸಿ" ಅಂದರು. ಹಾಗೇ ಮಾಡಿದೆವು. ಪ್ರತಿ ಭಾನುವಾರ ಬೆಳಗ್ಗೆ ಖಾಲಿ ಗಾಡಿಯನ್ನು 40 ಕಿಲೋಮೀಟರ್ ಓಡಿಸಿಕೊಂಡು ಬರುವುದು. ತಿಂಗಳಿಗೆ 160 ಕಿಲೋಮೀಟರ್, ಒಂದು ಪೈಸೆ ಬಾಡಿಗೆ ಇಲ್ಲದೆ. ದೀಪ ಮತ್ತೆ ಹತ್ತಲಿಲ್ಲ, ನಿಜ. ಆದರೆ ಒಂದು ಭಾನುವಾರ ಯಜಮಾನರು ಗಾಡಿ ನಿಲ್ಲಿಸಿ ಬಂದು ಜಗಲಿ ಮೇಲೆ ಕೂತು, ಇದು ನಮ್ಮ ಕೆಲಸದ ಗಾಡಿ ಅಲ್ಲ ಅಂದರು. 2023ರ ಫೆಬ್ರವರಿಯಲ್ಲಿ ಮಾರಿ ಪೆಟ್ರೋಲ್ ಗಾಡಿ ತಂದೆವು. ಅದೇ ಕ್ಯಾನು, ಅದೇ ಬೀದಿ, ಅದೇ 45 ಕಿಲೋಮೀಟರ್. ಹಾಗಾಗಿ ಒಂದೇ ಕೆಲಸಕ್ಕೆ ಡೀಸೆಲ್ ಎಷ್ಟು, ಪೆಟ್ರೋಲ್ ಎಷ್ಟು ಅಂತ ನನ್ನ ಪುಸ್ತಕದಲ್ಲಿ ಅಕ್ಕಪಕ್ಕ ಸಿಗುತ್ತದೆ.

ಪೆಟ್ರೋಲ್ ಗಾಡಿ ಪೇಟೆಯಲ್ಲಿ 15 ಕಿಲೋಮೀಟರ್ ಕೊಡುತ್ತದೆ. ಮೊದಲು 15.6 ಇತ್ತು. ಈಗ ಬಂಕಿನಲ್ಲಿ ಬರುವುದು ಶೇ 20 ಎಥೆನಾಲ್ ಬೆರೆಸಿದ ಪೆಟ್ರೋಲ್. ಎಥೆನಾಲ್‌ನಲ್ಲಿ ಶಕ್ತಿ ಪೆಟ್ರೋಲಿಗಿಂತ ಸುಮಾರು ಮೂರನೇ ಒಂದು ಪಾಲು ಕಡಿಮೆ, ಅದಕ್ಕೇ ಮೈಲೇಜ್ ಸ್ವಲ್ಪ ಇಳಿಯುತ್ತದೆ. ಎಥೆನಾಲ್ ಬರುವುದು ಕಬ್ಬಿನಿಂದಲೂ ಹೌದು. ಕಬ್ಬಿನ ನಾಡಿನವಳಾದ ನಾನು ಅದನ್ನು ಬೇಡ ಅನ್ನುವುದಿಲ್ಲ. ಆದರೆ ಲೆಕ್ಕದಲ್ಲಿ ಅದೂ ಸೇರಬೇಕು.

ಹಾಗಾದರೆ ಕಿಲೋಮೀಟರಿಗೆ ಪೆಟ್ರೋಲ್ ಖರ್ಚು 6 ರೂಪಾಯಿ 87 ಪೈಸೆ. ಡೀಸೆಲ್ ಖರ್ಚು 4 ರೂಪಾಯಿ 79 ಪೈಸೆ. ಡೀಸೆಲ್‌ನಲ್ಲಿ ಕಿಲೋಮೀಟರಿಗೆ 2 ರೂಪಾಯಿ 8 ಪೈಸೆ ಉಳಿತಾಯ. ಇಲ್ಲಿಯವರೆಗೆ ಶೋರೂಮಿನವರು ಹೇಳಿದ್ದು ಸರಿ. ಅವರ ಲೆಕ್ಕ ಇಲ್ಲಿಗೇ ನಿಲ್ಲುತ್ತದೆ. ನನ್ನದು ಇಲ್ಲಿಂದ ಶುರು.

ವರ್ಷಕ್ಕೆ ನಮ್ಮ ಪೇಟೆ ಗಾಡಿ ಓಡುವುದು 13,500 ಕಿಲೋಮೀಟರ್. ಇಂಧನದಲ್ಲಿ ಉಳಿಯುವುದು ಸುಮಾರು 28,000 ರೂಪಾಯಿ. ಸರ್ವಿಸಿಗೆ ಪೆಟ್ರೋಲ್ ಗಾಡಿ ವರ್ಷಕ್ಕೆ 9,000 ತಿನ್ನುತ್ತದೆ, ಡೀಸೆಲ್ 16,000 ತಿನ್ನುತ್ತಿತ್ತು. ಇಂಜಿನ್ ಆಯಿಲ್, ಡೀಸೆಲ್ ಫಿಲ್ಟರ್ ಎಲ್ಲ ಸೇರಿ. ಆ 7,000 ಕಳೆದರೆ ನಿಜವಾದ ಉಳಿತಾಯ 21,000. ಈಗ ಗಾಡಿಯ ಬೆಲೆಗೆ ಬನ್ನಿ. ಹುಡುಗನಿಗೆ ಕೊಟ್ಟ ಕೊಟೇಷನ್ನಿನಲ್ಲಿ ಡೀಸೆಲ್ ಗಾಡಿ ಆನ್ ರೋಡ್ ಬೆಲೆಯಲ್ಲಿ ಪೆಟ್ರೋಲ್ ಗಾಡಿಗಿಂತ 1,05,000 ಜಾಸ್ತಿ. ಅಷ್ಟನ್ನೂ ಶೇ 11ರ ಬಡ್ಡಿಗೆ ನಾಲ್ಕು ವರ್ಷದ ಸಾಲ ಮಾಡಿದರೆ ಬಡ್ಡಿ ಸುಮಾರು 25,000. ಒಟ್ಟು 1,30,000. ಮಾರುವಾಗ ಡೀಸೆಲ್ ಗಾಡಿಗೆ ಜಾಸ್ತಿ ಸಿಗುತ್ತದೆ ಅಂತಾರಲ್ಲ, ಅದನ್ನೂ ಮಂಡ್ಯದಲ್ಲಿ ಹಳೆ ಗಾಡಿ ವ್ಯಾಪಾರ ಮಾಡುವವರನ್ನು ಕೇಳಿದೆ. ಐದು ವರ್ಷದ ಗಾಡಿಗೆ 30ರಿಂದ 40 ಸಾವಿರ ಜಾಸ್ತಿ ಸಿಗಬಹುದು ಅಂದರು. 35,000 ಅಂತ ಹಿಡಿದೆ. ಉಳಿದ ಹೊರೆ 95,000.

ವರ್ಷಕ್ಕೆ 21,000 ಉಳಿಸಿ 95,000 ತೀರಿಸಬೇಕು. ನಾಲ್ಕೂವರೆ ವರ್ಷ. ನಮಗೆ ಬಂದ ಹಾಗೆ ಒಂದೇ ಒಂದು ಸಲ ಡಿಪಿಎಫ್ ಬಿಲ್ಲು ಬಂದರೆ ಆರು ವರ್ಷ. ಸಾಲ ನಾಲ್ಕು ವರ್ಷಕ್ಕೆ ಮುಗಿಯುತ್ತದೆ. ಅಲ್ಲಿಯವರೆಗೂ ಡೀಸೆಲ್ ತೆಗೆದುಕೊಂಡವನು ಲೆಕ್ಕದಲ್ಲಿ ಹಿಂದೆಯೇ ಇರುತ್ತಾನೆ. ಬಂಕಿನಲ್ಲಿ ನಿಂತಾಗ ಮಾತ್ರ ಅವನಿಗೆ ಉಳಿಯಿತು ಅನಿಸುತ್ತದೆ.

ಇನ್ಶೂರೆನ್ಸ್ ವಿಷಯಕ್ಕೂ ಜನ ಏನೇನೋ ಹೇಳುತ್ತಾರೆ. ಥರ್ಡ್ ಪಾರ್ಟಿ ಕಂತು ಇಂಧನ ನೋಡುವುದಿಲ್ಲ, ತೂಕ ನೋಡುತ್ತದೆ. 2022ರ ಜೂನ್‌ನಲ್ಲಿ ನಿಗದಿಯಾದ ಪ್ರಕಾರ ಲೋಡು ಸೇರಿ 7,500 ಕೆಜಿವರೆಗಿನ ನಾಲ್ಕು ಚಕ್ರದ ಬಾಡಿಗೆ ಗೂಡ್ಸ್ ಗಾಡಿಗೆ ಅದು 16,049 ರೂಪಾಯಿ, ಪೆಟ್ರೋಲಾದರೂ ಅಷ್ಟೇ, ಡೀಸೆಲಾದರೂ ಅಷ್ಟೇ. ನಮ್ಮ ಸ್ವಂತ ಗಾಡಿಗೆ ಮಾಡಿಸುವ ಇನ್ಶೂರೆನ್ಸ್ ಭಾಗ ಮಾತ್ರ ಗಾಡಿಯ ಬೆಲೆ ಜಾಸ್ತಿಯಾದ ಹಾಗೆ ಜಾಸ್ತಿ. ಎಫ್‌ಸಿಯೂ, ಅಂದರೆ ಗಾಡಿ ಓಡಲು ಯೋಗ್ಯ ಅನ್ನುವ ಸರ್ಟಿಫಿಕೇಟೂ ಹಾಗೆಯೇ, ಎಂಟು ವರ್ಷದವರೆಗೆ ಎರಡು ವರ್ಷಕ್ಕೊಮ್ಮೆ, ಆಮೇಲೆ ಪ್ರತಿ ವರ್ಷ. ಟೋಲಿನಲ್ಲೂ ಇಂಧನ ಯಾವುದು ಅಂತ ಯಾರೂ ಕೇಳುವುದಿಲ್ಲ.

ಇಷ್ಟು ಓದಿ ನಾನು ಡೀಸೆಲ್ ವಿರೋಧಿ ಅಂದುಕೊಳ್ಳಬೇಡಿ. ನಮ್ಮ ಮನೆಯ ದೊಡ್ಡ ಗಾಡಿ ಡೀಸೆಲ್ಲೇ, ನಾಳೆ ಅದನ್ನು ಬದಲಾಯಿಸಿದರೂ ಡೀಸೆಲ್ಲೇ ತರುತ್ತೇನೆ. ಮದ್ದೂರಿನ ಎಳನೀರು ಮಾರುಕಟ್ಟೆಯಿಂದ ಬೆಂಗಳೂರಿಗೆ ಅದು 700ರಿಂದ 800 ಕಾಯಿ ಹೊರುತ್ತದೆ. ಒಂದು ಎಳನೀರು ಒಂದೂವರೆಯಿಂದ ಎರಡು ಕೆಜಿ ತೂಗುತ್ತದೆ. ಅಂದರೆ ಒಂದೂಕಾಲು, ಒಂದೂವರೆ ಟನ್ ಹತ್ತಿರ. ಬೆಳಗಿನ ಜಾವ ಮೂರಕ್ಕೆ ಹೊರಟು, ಬೆಂಗಳೂರಿನಲ್ಲಿ ನಾಲ್ಕೈದು ಕಡೆ ಇಳಿಸಿ, ಮಧ್ಯಾಹ್ನಕ್ಕೆ ವಾಪಸ್. ದಿನಕ್ಕೆ 180 ಕಿಲೋಮೀಟರ್, ತಿಂಗಳಿಗೆ 4,000 ಹತ್ತಿರ. ಲೀಟರಿಗೆ 13 ಕೊಡುತ್ತದೆ, ಕಿಲೋಮೀಟರಿಗೆ 7 ರೂಪಾಯಿ. ಒಂದೂವರೆ ಟನ್ ಹೊತ್ತು 7 ರೂಪಾಯಿ ಅಂದರೆ ಅದು ದೊಡ್ಡ ಮಾತು. ಅದೇ ಲೋಡನ್ನು 750 ಕೆಜಿ ಹೊರುವ ಪೆಟ್ರೋಲ್ ಗಾಡಿಯಲ್ಲಿ ಒಯ್ದರೆ ಎರಡು ಟ್ರಿಪ್ ಆಗಬೇಕು, ಎರಡು ಸಲ ಟೋಲ್, ಎರಡನೇ ಟ್ರಿಪ್ ಹೋಗುವ ಹೊತ್ತಿಗೆ ಮಾರುವವರು ಬೇರೆಯವರ ಹತ್ತಿರ ಕಾಯಿ ಇಳಿಸಿಕೊಂಡಿರುತ್ತಾರೆ.

ಭಾರ ಎಳೆಯುವ ಗುಣ ಡೀಸೆಲ್‌ಗೆ ಹುಟ್ಟಿನಿಂದ ಬಂದದ್ದು. ಲೀಟರ್ ಲೀಟರಿಗೆ ಹೋಲಿಸಿದರೆ ಡೀಸೆಲ್‌ನಲ್ಲಿ ಶೇ 10ಕ್ಕಿಂತ ಜಾಸ್ತಿ ಶಕ್ತಿ ಇದೆ. ಇಂಜಿನ್ ಗಾಳಿಯನ್ನು ಜಾಸ್ತಿ ಒತ್ತುತ್ತದೆ, ಕಡಿಮೆ ಸ್ಪೀಡಿನಲ್ಲೇ ಎಳೆತ ಬರುತ್ತದೆ. ಏರಿನಲ್ಲಿ ಲೋಡು ಇದ್ದಾಗ ಕ್ಲಚ್ ಪ್ಲೇಟ್ ಉಳಿಯುವುದು ಅದರಿಂದಲೇ. ನಮ್ಮ ಡ್ರೈವರ್ ಪೆಟ್ರೋಲ್ ಗಾಡಿಯಲ್ಲಿ ಫುಲ್ ಲೋಡು ಹಾಕಿಕೊಂಡು ಮೇಲುಕೋಟೆ ಕಡೆ ಏರು ಹತ್ತಿದ ದಿನ ಮೈಲೇಜ್ 11ಕ್ಕೆ ಇಳಿದದ್ದು ಪುಸ್ತಕದಲ್ಲಿದೆ. ಘಟ್ಟದ ಕಡೆಯವರು, ಸಕಲೇಶಪುರ, ಆಗುಂಬೆ, ಮಡಿಕೇರಿ ಕಡೆ ಲೋಡು ಹೊಡೆಯುವವರು ನನ್ನ ಪೇಟೆ ಲೆಕ್ಕವನ್ನು ಹಾಗೆಯೇ ತೆಗೆದುಕೊಳ್ಳಬಾರದು. ಅಲ್ಲದೆ ಒಂದೂವರೆ ಟನ್ ಹೊರುವ ಪಿಕಪ್‌ಗಳಲ್ಲಿ ಹೆಚ್ಚಿನವು ಡೀಸೆಲ್ಲೇ. ಪೆಟ್ರೋಲೋ ಡೀಸೆಲೋ ಅನ್ನುವ ಪ್ರಶ್ನೆ ನಿಜವಾಗಿ ಬರುವುದು ಮುಕ್ಕಾಲು ಟನ್, ಒಂದು ಟನ್ ಒಳಗಿನ ಸಣ್ಣ ಗಾಡಿಗಳಲ್ಲಿ.

ಆ ಸಣ್ಣ ಗಾಡಿಗಳಲ್ಲಿ ಕಂಪನಿಗಳೇ ದಾರಿ ಬದಲಿಸಿರುವುದನ್ನು ಜನ ಗಮನಿಸಬೇಕು. ಮಾರುತಿಯ ಸೂಪರ್ ಕ್ಯಾರಿ 2016ರಲ್ಲಿ 793 ಸಿಸಿ ಡೀಸೆಲ್ ಇಂಜಿನ್ನಿನಲ್ಲಿ ಬಂತು. 2020ರ ಏಪ್ರಿಲ್‌ಗೆ ಅದರ ಡೀಸೆಲ್ ನಿಂತೇ ಹೋಯಿತು, ಈಗ ಪೆಟ್ರೋಲ್ ಮತ್ತು ಸಿಎನ್‌ಜಿ ಮಾತ್ರ. ಡೀಸೆಲ್ಲಿಗೇ ಹೆಸರಾದ ಏಸ್‌ನಲ್ಲೂ 2020ರಿಂದ ಪೆಟ್ರೋಲ್ ಸಿಗುತ್ತದೆ. ಸಣ್ಣ ಡೀಸೆಲ್ ಇಂಜಿನ್ನಿಗೆ ಬಿಎಸ್6ಗೆ ಬೇಕಾದ ಡಬ್ಬ, ಸೆನ್ಸರ್ ಎಲ್ಲ ಜೋಡಿಸಿದರೆ ಗಾಡಿಯ ಬೆಲೆ ಏರುತ್ತದೆ. ದೊಡ್ಡ ಗಾಡಿಯ ಬೆಲೆಯಲ್ಲಿ ಅದು ಕಾಣುವುದಿಲ್ಲ, ಸಣ್ಣ ಗಾಡಿಯಲ್ಲಿ ಎದ್ದು ಕಾಣುತ್ತದೆ. 2025ರ ಸೆಪ್ಟೆಂಬರ್ 22ರಿಂದ ಗೂಡ್ಸ್ ಗಾಡಿಗಳ ಜಿಎಸ್‌ಟಿ ಶೇ 28ರಿಂದ 18ಕ್ಕೆ ಇಳಿದದ್ದು ಒಳ್ಳೆಯದೇ ಆಯಿತು. ಆದರೆ ಅದು ಎರಡಕ್ಕೂ ಇಳಿದದ್ದು.

ರಿಪೇರಿಯ ಮಾತನ್ನೂ ಹೇಳಿಬಿಡುತ್ತೇನೆ. 2009ರ ಏಸ್ ಎಲ್ಲಿ ನಿಂತರೂ ಅಲ್ಲೇ ಸರಿಯಾಗುತ್ತಿತ್ತು. ಕೊಪ್ಪದ ಹತ್ತಿರ ಒಂದು ಸಲ ರಾತ್ರಿ ನಿಂತಾಗ ಟ್ರ್ಯಾಕ್ಟರ್ ರಿಪೇರಿ ಮಾಡುವ ಹುಡುಗ ಬಂದು, ಡೀಸೆಲ್ ಪೈಪ್ ಬಿಚ್ಚಿ ಗಾಳಿ ತೆಗೆದು, ಅರ್ಧ ಗಂಟೆಯಲ್ಲಿ ಕಳಿಸಿದ. ತೆಗೆದುಕೊಂಡದ್ದು 50 ರೂಪಾಯಿ. ಈಗಿನ ಡೀಸೆಲ್ ಗಾಡಿಗೆ ಮೊದಲು ಸ್ಕ್ಯಾನರ್ ಹಾಕಬೇಕು. ಇಂಜೆಕ್ಟರ್ ಹೋದರೆ ಸಾವಿರಗಳ ಮಾತು. ಅದು ಹಾಳಾಗಲು ಕಲಬೆರಕೆ ಡೀಸೆಲ್ ಒಂದು ಟ್ಯಾಂಕ್ ಹೋದರೂ ಸಾಕು. ಕೆಲವು ಗಾಡಿಗಳಿಗೆ ಹೊಗೆ ಶುದ್ಧ ಮಾಡಲು ಡಿಇಎಫ್ ಅಂತ ಇನ್ನೊಂದು ದ್ರವ ಬೇರೆ ಹಾಕಬೇಕು, ಶುದ್ಧ ನೀರಿನಲ್ಲಿ ಶೇ 32.5 ಯೂರಿಯಾ ಕರಗಿಸಿದ್ದು. ಎಲ್ಲ ಸಣ್ಣ ಗಾಡಿಗೂ ಅದು ಬೇಕಿಲ್ಲ, ಕೊಳ್ಳುವ ಮುಂಚೆ ಕೇಳಿಕೊಳ್ಳಿ. ಹೊಲಕ್ಕೆ ಹಾಕುವ ಯೂರಿಯಾ ಕಲಸಿ ಸುರಿಯಬೇಡಿ. ಅದರಲ್ಲಿರುವ ಕಸರು ಒಳಗಿನ ಭಾಗಗಳನ್ನು ಹಾಳು ಮಾಡುತ್ತದೆ, ಉಳಿಸಿದ ನೂರು ರೂಪಾಯಿ ಸಾವಿರಗಟ್ಟಲೆ ಆಗಿ ಬರುತ್ತದೆ.

ಸಿಎನ್‌ಜಿ ಯಾಕೆ ಬೇಡ ಅಂತ ಕೇಳುವವರಿಗೆ ಒಂದೇ ಮಾತು. ಗಾಡಿ ನಿಲ್ಲಿಸುವ ಜಾಗಕ್ಕೂ ಗ್ಯಾಸ್ ಬಂಕಿಗೂ ಎಷ್ಟು ದೂರ, ಬೆಳಗ್ಗೆ ಅಲ್ಲಿ ಸಾಲು ಎಷ್ಟಿರುತ್ತದೆ, ಎರಡು ದಿನ ಹೋಗಿ ನೋಡಿ. ಸಿಲಿಂಡರಿಗೆ ಮೂರು ವರ್ಷಕ್ಕೊಮ್ಮೆ ಪರೀಕ್ಷೆ ಮಾಡಿಸಬೇಕು, ಅದರ ತೂಕವೂ ಲೋಡಿನಲ್ಲಿ ಕಳೆಯುತ್ತದೆ. ಬಂಕ್ ಹತ್ತಿರ ಇದ್ದರೆ ಅದು ಒಳ್ಳೆಯ ದಾರಿಯೇ.

ಮತ್ತೆ ಹುಡುಗನ ಲೆಕ್ಕಕ್ಕೆ ಬರುತ್ತೇನೆ. ಅವನಿಗೆ ಬಾಡಿಗೆ ಕೊಡುವುದಾಗಿ ಹೇಳಿರುವ ಮೂರು ಅಂಗಡಿಗಳ ದೂರ ಸೇರಿಸಿದೆ. ದಿನಕ್ಕೆ 40, ಜಾಸ್ತಿ ಅಂದರೆ 50 ಕಿಲೋಮೀಟರ್. ನಮ್ಮ ಕ್ಯಾನ್ ಗಾಡಿಯ ಹಾಗೇ. ಅದೇ ನನ್ನ ತಮ್ಮನ ಲೆಕ್ಕ ಬೇರೆ. ಅವನು ಹೂವು, ತರಕಾರಿ ಹಾಕಿಕೊಂಡು ದಿನಕ್ಕೆ 140 ಕಿಲೋಮೀಟರ್ ಓಡುತ್ತಾನೆ, ತಿಂಗಳಿಗೆ 26 ದಿನ. ವರ್ಷಕ್ಕೆ 43,000 ದಾಟುತ್ತದೆ. ಇಂಧನದಲ್ಲಿ ಉಳಿಯುವುದು 90,000 ಹತ್ತಿರ, ಜಾಸ್ತಿ ಸರ್ವಿಸಿಗೆ 12,000 ಕಳೆದರೂ 78,000. ಅವನಿಗೆ ಆ 95,000 ಒಂದು ವರ್ಷ ಮೂರು ತಿಂಗಳಿಗೆ ತೀರುತ್ತದೆ. ಹೈವೇಯಲ್ಲೇ ಓಡುವುದರಿಂದ ಹಳದಿ ದೀಪದ ಕಾಟವೂ ಇಲ್ಲ. ಅವನು ಡೀಸೆಲ್ ತೆಗೆದುಕೊಂಡದ್ದು ನೂರಕ್ಕೆ ನೂರು ಸರಿ. ದಿನಕ್ಕೆ 80 ಕಿಲೋಮೀಟರ್ ಓಡುವವರಿಗೆ ಎರಡು ವರ್ಷ ನಾಲ್ಕು ತಿಂಗಳು ಬರುತ್ತದೆ. ಅಂಥವರು ರಸ್ತೆ ಎಂಥದ್ದು, ಎಷ್ಟು ಸಲ ನಿಲ್ಲಬೇಕು ಅಂತ ನೋಡಿ ತೀರ್ಮಾನ ಮಾಡಬೇಕು. 60ಕ್ಕಿಂತ ಕಡಿಮೆ, ಅದೂ ಪೇಟೆ ಒಳಗೆ ಅಂದರೆ, ನಾನು ಪೆಟ್ರೋಲ್ ಅನ್ನುತ್ತೇನೆ.

ಮೈಲೇಜ್ ಹೇಗೆ ಅಳೆಯುವುದು ಅಂತಲೂ ಕೆಲವರು ಕೇಳುತ್ತಾರೆ. ಟ್ಯಾಂಕ್ ಫುಲ್ ಮಾಡಿಸಿ, ಪೈಪು ತಾನಾಗೇ ನಿಂತ ಮೇಲೆ ಮತ್ತೆ ಹಾಕಿಸಬೇಡಿ. ಮೀಟರ್ ಬರೆದುಕೊಳ್ಳಿ. ಮುಂದಿನ ಸಲ ಅದೇ ಬಂಕಿನಲ್ಲಿ ಮತ್ತೆ ಫುಲ್ ಮಾಡಿಸಿ. ಓಡಿದ ಕಿಲೋಮೀಟರನ್ನು ಎರಡನೇ ಸಲ ಹಿಡಿದ ಲೀಟರಿನಿಂದ ಭಾಗಿಸಿ. ಹೀಗೆ ನಾಲ್ಕು ಸಲ ಮಾಡಿದರೆ ನಿಜವಾದ ಅಂಕಿ ಸಿಗುತ್ತದೆ. ಐನೂರಕ್ಕೆ, ಸಾವಿರಕ್ಕೆ ಅಂತ ಹಾಕಿಸಿದರೆ ಯಾವತ್ತೂ ಗೊತ್ತಾಗುವುದಿಲ್ಲ. ಹೊಸ ಗಾಡಿ ಕೊಳ್ಳುವವರು ಅದೇ ಗಾಡಿ ಇಟ್ಟುಕೊಂಡಿರುವ ಇಬ್ಬರನ್ನು ಸ್ಟ್ಯಾಂಡಿನಲ್ಲಿ ಕೇಳಿ, ಲೋಡು ಎಷ್ಟು ಹಾಕುತ್ತೀರಿ ಅಂತಲೂ ಕೇಳಿ.

ಸಂಪಾದಕರೇ, ಈಗ ನನ್ನ ಕೋರಿಕೆಗಳು.

ಗಾಡಿ ಮಾರುವವರಿಗೆ: ಡೆಲಿವರಿ ಕೊಡುವ ದಿನ ಪೂಜೆ, ಹಾರ, ಫೋಟೊ ಎಲ್ಲ ಚೆನ್ನಾಗಿ ಮಾಡುತ್ತೀರಿ. ಅದರ ಜೊತೆ ಡ್ಯಾಶ್‌ಬೋರ್ಡಿನ ಯಾವ ದೀಪ ಹತ್ತಿದರೆ ಏನು ಮಾಡಬೇಕು ಅಂತ ಕನ್ನಡದಲ್ಲಿ ಒಂದು ಹಾಳೆ ಕೊಡಿ. ದೀಪದ ಚಿತ್ರ, ಪಕ್ಕದಲ್ಲಿ ಎರಡು ಸಾಲು, ಸಾಕು. ಆ ಒಂದು ಹಾಳೆ ಇದ್ದಿದ್ದರೆ ನಮ್ಮ 30,600 ಉಳಿಯುತ್ತಿತ್ತು. ಗಿರಾಕಿ ದಿನಕ್ಕೆ ಎಷ್ಟು ಕಿಲೋಮೀಟರ್ ಓಡುತ್ತಾನೆ ಅಂತ ಮೊದಲು ಕೇಳಿ, ಆಮೇಲೆ ಯಾವ ಗಾಡಿ ಅಂತ ಹೇಳಿ. ಸಾಲ ಕೊಡುವವರೂ ಇದನ್ನು ಕೇಳಬೇಕು. ಕಂತು ಬರದೆ ಹೋದರೆ ಕಷ್ಟ ಅವರಿಗೂ ಇದೆಯಲ್ವಾ?

ಸರ್ಕಾರಕ್ಕೆ: ಡೀಸೆಲ್ ಮೇಲೆ ಎರಡು ರೂಪಾಯಿ ಏರಿಸಿದ ಮಾರನೇ ದಿನ ನಮ್ಮ ಬಾಡಿಗೆ ಏರುವುದಿಲ್ಲ. ನಮ್ಮ ದೊಡ್ಡ ಗಾಡಿ ತಿಂಗಳಿಗೆ 300 ಲೀಟರಿಗಿಂತ ಜಾಸ್ತಿ ಕುಡಿಯುತ್ತದೆ. ಎರಡು ರೂಪಾಯಿ ಅಂದರೆ ತಿಂಗಳಿಗೆ 600 ರೂಪಾಯಿ, ವರ್ಷಕ್ಕೆ 7,000ದ ಮೇಲೆ. ಎಳನೀರು ವ್ಯಾಪಾರಿಯ ಹತ್ತಿರ ಕೇಳಿದರೆ ಬೇರೆ ಗಾಡಿ ಇದೆ ಅಂತಾರೆ. ಹತ್ತು ತಿಂಗಳು ಆದ ಮೇಲೆ ಟ್ರಿಪ್ಪಿಗೆ 100 ಏರಿಸಿದರು. ತೆರಿಗೆ ಏರಿಸುವವರಿಗೆ ಈ ಹತ್ತು ತಿಂಗಳು ಕಾಣಲಿ ಅನ್ನುವುದು ನನ್ನ ಆಸೆ.

ನಿಮಗೆ: ದರದ ಚೌಕದ ಕೆಳಗೆ ತಿಂಗಳಿಗೊಮ್ಮೆಯಾದರೂ ಒಂದು ಸಣ್ಣ ಲೆಕ್ಕ ಹಾಕಿ. ಈ ದರದಲ್ಲಿ 15 ಕಿಲೋಮೀಟರ್ ಕೊಡುವ ಪೆಟ್ರೋಲ್ ಗಾಡಿಗೆ ಕಿಲೋಮೀಟರಿಗೆ ಎಷ್ಟು, 19 ಕೊಡುವ ಡೀಸೆಲ್ ಗಾಡಿಗೆ ಎಷ್ಟು ಅಂತ. ಸ್ಟ್ಯಾಂಡಿನಲ್ಲಿ ಟೀ ಕುಡಿಯುತ್ತಾ ನಿಮ್ಮ ಪತ್ರಿಕೆ ಓದುವ ಡ್ರೈವರ್‌ಗಳು ತುಂಬ ಜನ ಇದ್ದಾರೆ.

ಹುಡುಗ ಆ ರಾತ್ರಿ ಒಂದು ಗಂಟೆಯವರೆಗೆ ನನ್ನ ಪುಸ್ತಕ ತಿರುವಿ ಹಾಕುತ್ತಾ ಕೂತಿದ್ದ. 30,600ರ ಪುಟವನ್ನು ಎರಡು ಸಲ ನೋಡಿದ. ಮಾರನೇ ದಿನ ಅವನಪ್ಪನನ್ನೂ ಕರೆದುಕೊಂಡು ಬಂದ, ಮತ್ತೆ ಮೊದಲಿನಿಂದ ಹೇಳಿಸಿದ. ಮೈದುನನಿಗೆ ಇನ್ನೂ ಪೂರ್ತಿ ಒಪ್ಪಿಗೆ ಇಲ್ಲ, ಆದರೂ ಹೂಂ ಅಂದ. ಮುಂದಿನ ಶುಕ್ರವಾರ ಪೆಟ್ರೋಲ್ ಗಾಡಿ ಬರುತ್ತಿದೆ. ಡೀಸೆಲ್ ಗಾಡಿಗೆ ಬೇಕಿದ್ದ ಹೆಚ್ಚಿನ ಸಾಲವನ್ನು ಬೇಡ ಅಂದು ಕಂತನ್ನು ಕಡಿಮೆ ಮಾಡಿಸಿಕೊಂಡಿದ್ದಾನೆ, ತಿಂಗಳಿಗೆ 2,700 ಇಳಿದಿದೆ. ಅವನಿಗೆ ಅಂತ ಒಂದು ಉದ್ದನೆಯ ಪುಸ್ತಕ ತಂದು, ಮೊದಲ ಪುಟದಲ್ಲಿ ದಿನಾಂಕ, ಮೀಟರ್, ಲೀಟರ್, ರೂಪಾಯಿ, ಲೋಡು ಅಂತ ಐದು ಗೆರೆ ಹಾಕಿ ಇಟ್ಟಿದ್ದೇನೆ.

ಇಂತಿ,
ನಿಮ್ಮ ಓದುಗರಲ್ಲಿ ಒಬ್ಬಳು,
ಮದ್ದೂರು, ಮಂಡ್ಯ ಜಿಲ್ಲೆ